ಕೊಯಮತ್ತೂರಿನಿಂದ ಹತ್ತು ಗಂಟೆ

ವಾಗಿ ಕಣಿವೆ, ಮೌಂಟ್ ಹೇಗನ್ ಹತ್ತಿರ
ಪಪುವಾ ನ್ಯೂಗಿನಿ
16 ಫೆಬ್ರವರಿ 2025

ಅಣ್ಣನಿಗೆ ವೀಣಾಳ ನಮಸ್ಕಾರ.

ಅಂಗಡಿಯ ಬಿಲ್ಲುಗಳಿಗೆಂದು ನೀನು ಇಟ್ಟುಕೊಂಡಿರುವ ಮೇಲ್ ವಿಳಾಸಕ್ಕೆ ಬರೆಯುತ್ತಿದ್ದೇನೆ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯೆಂದು ಅತ್ತಿಗೆ ಹೇಳಿದರು. ಅವರ ಮೇಲೆ ರೇಗಬೇಡ. ಅಮ್ಮನ ಜೊತೆ ಎರಡು ಮಾತಾಡಲು ನನಗಿರುವುದು ಅವರ ಫೋನೊಂದೇ, ಅದೂ ನೀನು ಸಾಮಾನು ತರಲು ಗೂಡಲೂರಿಗೆ ಹೋದ ಹೊತ್ತು ನೋಡಿಕೊಂಡು.

ನಾನು ಬಸುರಿ, ಅಣ್ಣ. ಆಗಸ್ಟ್ ನಡುವಿಗೆ ದಿನ ಕೊಟ್ಟಿದ್ದಾರೆ. ಬಾಣಂತನಕ್ಕೆ ತವರಿಗೆ ಬರುವುದು ಕ್ರಮ, ನನಗೂ ಗೊತ್ತು. ಆದರೆ ಇಲ್ಲಿಯ ಡಾಕ್ಟರು ನಾನು ವಿಮಾನ ಹತ್ತಲೇಬಾರದು ಎಂದಿದ್ದಾರೆ. ಯಾಕೆಂದರೆ ಇದು ಚೊಚ್ಚಲಲ್ಲ. ಹಿಂದೆ ಒಂದು ಏಳನೇ ತಿಂಗಳಲ್ಲಿ ಹೋಯಿತು. ಅಮ್ಮನಿಗೆ ತಿಳಿಸಲಿಲ್ಲ. ಆ ವಾರ ನಿನಗೆ ಹಲವು ಸಲ ಫೋನ್ ಮಾಡಿದ್ದೆ. ಇರಲಿ.

ಈ ಸಲ ಅಮ್ಮ ನನ್ನ ಹತ್ತಿರ ಇರಬೇಕು. ಜಯರಾಮನ್ ಟೀ ಫ್ಯಾಕ್ಟರಿಗೆ ಹೋದರೆ ಈ ಕ್ವಾರ್ಟರ್ಸಿನಲ್ಲಿ ನಾನೊಬ್ಬಳೇ. ಟಿಕೆಟ್ಟು ನಾವೇ ಕೊಳ್ಳುತ್ತೇವೆ. ನೀನು ಅವಳಿಗೆ ಪಾಸ್‌ಪೋರ್ಟ್ ಮಾಡಿಸಿ ವಿಮಾನ ಹತ್ತಿಸಿದರೆ ಸಾಕು. ನೆಟ್ಟಿನಲ್ಲಿ ನೋಡಿದೆ. ಕೊಯಮತ್ತೂರಿನಿಂದ ಮೌಂಟ್ ಹೇಗನ್ನಿಗೆ ಏಳು ಸಾವಿರದ ಆರುನೂರು ಚಿಲ್ಲರೆ ಕಿಲೋಮೀಟರ್, ಹಾರಾಟದ ಸಮಯ ಹತ್ತು ಗಂಟೆ ಎಂದಿದೆ. ನಮ್ಮೂರಿನಿಂದ ಚೆನ್ನೈಗೆ ಬಸ್ಸಿನಲ್ಲಿ ಹೋಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಹೇಳಿದರೆ ಅವಳು ಅಂದೇ ಚೀಲ ಕಟ್ಟುತ್ತಾಳೆ, ನೀನು ಬೇಡ ಎನ್ನುತ್ತೀಯ, ನಡುವೆ ಅವಳು ನಲುಗುತ್ತಾಳೆ. ಅದಕ್ಕೇ ಮೊದಲು ನಿನ್ನನ್ನು ಕೇಳುತ್ತಿದ್ದೇನೆ.

ನಿನ್ನ ತಂಗಿ,
ವೀಣಾ


ತೊರಪಳ್ಳಿ
2 ಮಾರ್ಚ್ 2025

ವೀಣಾಳಿಗೆ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು. ಈಗಲೂ ಬಂದಿದೆ, ಆದರೂ ಬರೆಯುತ್ತಿದ್ದೇನೆ.

ಹತ್ತು ಗಂಟೆ ಎಂದಿದ್ದೀಯ. ಗೂಡಲೂರು ಬಸ್ ಸ್ಟ್ಯಾಂಡ್ ಎದುರು ಟ್ರಾವೆಲ್ಸ್ ಇಟ್ಟಿರುವ ಧರ್ಮಲಿಂಗಂ ಹತ್ತಿರ ಹೋಗಿ ವಿಚಾರಿಸಿದೆ. ಅವನು ಕಂಪ್ಯೂಟರ್ ನೋಡಿ ನಕ್ಕುಬಿಟ್ಟ. ಅಂಥ ವಿಮಾನವೇ ಇಲ್ಲವಂತೆ. ಕೊಯಮತ್ತೂರಿನಿಂದ ಸಿಂಗಪುರ, ಅಲ್ಲಿ ಕಾಯಬೇಕು. ಅಲ್ಲಿಂದ ಪೋರ್ಟ್ ಮೋರ್ಸ್‌ಬಿ, ಅಲ್ಲೂ ಕಾಯಬೇಕು. ಅಲ್ಲಿಂದ ಸಣ್ಣ ವಿಮಾನದಲ್ಲಿ ನಿಮ್ಮೂರು. ಒಂದು ತಪ್ಪಿದರೆ ಮುಂದಿನವೆಲ್ಲ ತಪ್ಪುತ್ತವೆ. ನೀನು ನೋಡಿದ ಪುಟ ಬರೆದವರು ಭೂಪಟದ ಮೇಲೆ ದಾರ ಎಳೆದು ಅಳೆದಿದ್ದಾರೆ ಅಷ್ಟೆ. ದಾರದ ಮೇಲೆ ಅಮ್ಮನನ್ನು ಕೂರಿಸಿ ಕಳಿಸಲೇನು?

ಅವಳಿಗೆ ಮಂಡಿ ನೋವು. ಗೂಡಲೂರು ಆಸ್ಪತ್ರೆಯ ಮೆಟ್ಟಿಲು ಹತ್ತಲು ನನ್ನ ಹೆಗಲು ಬೇಕು. ಇಂಗ್ಲಿಷ್ ಬಾರದು. ವಿಮಾನವನ್ನು ಅವಳು ಆಕಾಶದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ.

ನಾಲ್ಕು ವರ್ಷದ ಹಿಂದೆ ನಾನು ಗುಂಡ್ಲುಪೇಟೆಯವರಿಗೆ ಮಾತು ಕೊಟ್ಟು, ನಿಶ್ಚಯದ ದಿನ ಗೊತ್ತು ಮಾಡಿದ ಮೇಲೆ, ನೀನು ಕೋತಗಿರಿಗೆ ಹೋಗಿ ರಿಜಿಸ್ಟರ್ ಮದುವೆ ಮಾಡಿಕೊಂಡೆ. ನೀನು ಕಟ್ಟಿಕೊಂಡ ಆ ಕಟ್ಟಬೆಟ್ಟಿನವನು ನನ್ನ ಅಂಗಡಿಯ ಮುಂದೆ ಬಂದು ಒಂದು ಮಾತು ಆಡಲಿಲ್ಲ. ಆವತ್ತು ಯಾರನ್ನೂ ಕೇಳದವಳು ಈಗ ನನ್ನ ಒಪ್ಪಿಗೆ ಕೇಳುತ್ತಿದ್ದೀಯ.

ಆಗುವುದಿಲ್ಲ.

ಮಹದೇವಸ್ವಾಮಿ


ವಾಗಿ ಕಣಿವೆ
5 ಮಾರ್ಚ್ 2025

ಅಣ್ಣ,

ಮೂರು ವಿಮಾನ ಎಂದು ನನಗೂ ಗೊತ್ತು. ನಾನು ಬಂದದ್ದೂ ಅವುಗಳಲ್ಲೇ. ಅಷ್ಟು ದೂರ ಎಂದು ಮೊದಲೇ ಬರೆದರೆ ನೀನು ಓದುವುದನ್ನೇ ನಿಲ್ಲಿಸುತ್ತೀಯ ಎಂದು ಹತ್ತು ಗಂಟೆ ಎಂದು ಬರೆದೆ.

ಜಯರಾಮನ್ ನಿನ್ನ ಅಂಗಡಿಯ ಮುಂದೆ ಬಂದಿದ್ದರು. ನೀನು ಶಟರ್ ಎಳೆದೆ. ಅವರು ಎದುರಿನ ಹೋಟೆಲಿನಲ್ಲಿ ಕೂತು, ರಾತ್ರಿ ಕಾಡಿನ ರಸ್ತೆಯ ಗೇಟ್ ಮುಚ್ಚುವ ಹೊತ್ತಿನವರೆಗೆ ಕಾದು ಹಿಂತಿರುಗಿದರು.

ಬೇಡ ಎನ್ನುವುದಾದರೆ ನೀನೇ ಅಮ್ಮನಿಗೆ ಹೇಳು. ನಾನು ಹೇಳುವುದಿಲ್ಲ.

ವೀಣಾ


ತೊರಪಳ್ಳಿ
20 ಏಪ್ರಿಲ್ 2025

ವೀಣಾಳಿಗೆ,

ಅಮ್ಮನಿಗೆ ಹೇಳಿದೆ. ಬೇಡವೆಂದು ಅವಳ ಬಾಯಿಂದಲೇ ಬರಲಿ ಎಂದು ಎಲ್ಲ ಕಷ್ಟವನ್ನೂ ಬಿಡಿಸಿ ಹೇಳಿದೆ. ಮೂರು ವಿಮಾನ, ಕಾಯುವುದು, ಭಾಷೆ, ಮಂಡಿ. ಅವಳು ಹಸುವಿಗೆ ಬೂಸ ಕಲಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ವಿಮಾನದಲ್ಲಿ ಕೂತ್ಕಳದು ತಾನೆ, ನಾನೇನು ಅದ ತಳ್ಕಂಡ್ ಹೋಗ್ಬೇಕಾ?" ಎಂದಳು. ಅಲ್ಲಿಗೆ ಮಾತು ಮುಗಿಯಿತು. ನಿನ್ನ ಅತ್ತಿಗೆಯೂ ಅವಳ ಕಡೆ ಸೇರಿಕೊಂಡಳು. ನನ್ನ ಮನೆಯಲ್ಲಿ ನನ್ನ ಮಾತು ಕೇಳುವವರು ಉಳಿದಿಲ್ಲ.

ಆಮೇಲೆ ನಡೆದದ್ದು ಕೇಳು. ಅಮ್ಮನ ಆಧಾರಿನಲ್ಲಿ ಪಂಗಾರಮ್ಮಾಳ್ ಎಂದಿದೆ. ತಮಿಳಿನಲ್ಲಿ ಬರೆದುಕೊಂಡವರು ಹಾಗೆ ಬರೆದುಬಿಟ್ಟಿದ್ದಾರೆ. ರೇಷನ್ ಕಾರ್ಡಿನಲ್ಲಿ ಬಂಗಾರಮ್ಮ. ಬ್ಯಾಂಕಿನಲ್ಲಿ ಬಂಗಾರಮ್ಮಾಳ್. ಪಾಸ್‌ಪೋರ್ಟಿನವರು ಈ ಮೂವರಲ್ಲಿ ನಿಮ್ಮ ತಾಯಿ ಯಾರು ಎಂದು ಕೇಳಿದರು. ಹೆಸರು ತಿದ್ದಿಸಲು ಹೋದರೆ ಅವಳ ಬೆರಳು ಮೆಷಿನ್ನಿನಲ್ಲಿ ಮೂಡಲಿಲ್ಲ. ಟೀ ಎಲೆ ಕಿತ್ತು, ಹಾಲು ಕರೆದು ಗೆರೆಗಳೇ ಸವೆದಿವೆ. ಎಣ್ಣೆ ಹಚ್ಚಿಕೊಂಡು ಬನ್ನಿ ಎಂದರು. ಹಚ್ಚಿಕೊಂಡು ಹೋದೆವು. ಆವತ್ತು ಸರ್ವರ್ ಇಲ್ಲ. ಮತ್ತೆ ಹೋದಾಗ ಮೆಷಿನ್ ನೋಡಿಕೊಳ್ಳುವ ಹುಡುಗಿ ರಜೆ. ಅಂಗಡಿ ಬಾಗಿಲು ಹಾಕಿಕೊಂಡು ನಾನು ಊಟಿಗೂ ಕೊಯಮತ್ತೂರಿಗೂ ಅಲೆಯುತ್ತಿದ್ದೇನೆ. ಸೀಸನ್ನಿನ ಟೂರಿಸ್ಟುಗಳೆಲ್ಲ ಪಕ್ಕದಂಗಡಿಗೆ ಹೋಗುತ್ತಿದ್ದಾರೆ.

ಪಾಸ್‌ಪೋರ್ಟ್ ಬರುತ್ತದೋ ಇಲ್ಲವೋ ನನ್ನ ಕೈಯಲ್ಲಿಲ್ಲ. ನಾನು ತಡೆಯುತ್ತಿದ್ದೇನೆಂದು ಮಾತ್ರ ತಿಳಿಯಬೇಡ.

ಮಹದೇವಸ್ವಾಮಿ


ವಾಗಿ ಕಣಿವೆ
18 ಜೂನ್ 2025

ಅಣ್ಣ,

ಪಾಸ್‌ಪೋರ್ಟ್ ಕೈಗೆ ಬಂತೆಂದು ಅತ್ತಿಗೆ ಹೇಳಿದರು. ನೀನೇ ಎರಡು ಸಾಲು ಬರೆಯಬಹುದಿತ್ತು. ವೀಸಾ ಈ ಕಡೆಯಿಂದ ಜಯರಾಮನ್ ಮಾಡಿಸುತ್ತಿದ್ದಾರೆ. ದುಡ್ಡು ನಾವು ಕಳಿಸುತ್ತೇವೆ, ಟಿಕೆಟ್ಟು ಮಾತ್ರ ಧರ್ಮಲಿಂಗಂ ತೆಗೆಯಲಿ. ಸಿಂಗಪುರದಲ್ಲಿ ಗಾಲಿಕುರ್ಚಿ ಬೇಕೆಂದು ಟಿಕೆಟ್ಟಿನಲ್ಲೇ ಬರೆಸಬೇಕಂತೆ.

ನನಗೆ ಇಲ್ಲಿ ತಲೆ ಕೆಡುತ್ತಿದೆ. ಬಿಪಿ ಏರಿದೆ, ಕಾಲು ಊದಿವೆ, ಉಪ್ಪು ಬೇಡ ಎಂದಿದ್ದಾರೆ. ನಮ್ಮ ಕ್ವಾರ್ಟರ್ಸಿನಿಂದ ಹೇಗನ್ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಎರಡು ಊರಿನವರಿಗೆ ಜಗಳವಾಗಿ ಆಗಾಗ ರಸ್ತೆ ಮುಚ್ಚುತ್ತದೆ. ಮುಚ್ಚಿದ ದಿನ ಹೆರಿಗೆ ನೋವು ಬಂದರೆ ಏನು ಮಾಡುವುದು ಎಂದು ಕೇಳಿದರೆ ಜಯರಾಮನ್ ಆಸ್ಪತ್ರೆಯ ಹತ್ತಿರವೇ ಒಂದು ರೂಮು ಹಿಡಿಯೋಣ ಎನ್ನುತ್ತಾರೆ. ಜುಲೈ ಕೊನೆಗೆ ಅಲ್ಲಿಗೆ ಹೋಗುತ್ತೇವೆ.

ಅಮ್ಮ ಮೋರ್ಸ್‌ಬಿಯಲ್ಲಿ ಇಳಿಯುವಾಗ ಜಯರಾಮನ್ ಹೋಗಿ ಕರೆತರುತ್ತಾರೆ. ಒಂದು ವೇಳೆ ಅವರಿಗೆ ಆಗದಿದ್ದರೆ ಎಂದು ಅಲ್ಲಿರುವ ಮಲರ್‌ಕೊಡಿ ಎಂಬ ನರ್ಸಿಗೂ ಹೇಳಿಟ್ಟಿದ್ದೇವೆ. ತಿರುನೆಲ್ವೇಲಿಯವರು, ಒಳ್ಳೆಯವರು.

ಜುಲೈ ಮೊದಲ ವಾರದಲ್ಲೇ ಕಳಿಸು. ಎರಡನೇ ವಾರಕ್ಕೆ ಬೇಡ. ಮಳೆಗಾಲ, ನಮ್ಮ ಘಟ್ಟದ ರಸ್ತೆ ಹೇಗಿರುತ್ತದೆಂದು ನಿನಗೆ ನಾನು ಹೇಳಬೇಕಿಲ್ಲ.

ವೀಣಾ


ತೊರಪಳ್ಳಿ
13 ಜುಲೈ 2025

ವೀಣಾಳಿಗೆ,

ವಿಮಾನ ತಪ್ಪಿತು.

ನೀನು ಹೇಳಿದ ವಾರದಲ್ಲಿ ಸೀಟಿರಲಿಲ್ಲ, ಅದು ನನ್ನ ತಪ್ಪಲ್ಲ. ಸಂಜೆಯ ವಿಮಾನಕ್ಕೆ ಬೆಳಗ್ಗೆ ಬೆಳಕು ಹರಿಯುವ ಮೊದಲೇ ನಮ್ಮೂರ ಕಣ್ಣನ್‌ನ ಜೀಪಿನಲ್ಲಿ ಹೊರಟೆವು. ನಡುವಟ್ಟಂ ಹತ್ತಿರ ಮಣ್ಣು ಕುಸಿದು, ಅದರ ಮೇಲೊಂದು ನೀಲಗಿರಿ ಮರ ಅಡ್ಡ ಬಿದ್ದಿತ್ತು. ಈಗ ತೆಗೆಯುತ್ತೇವೆ, ಈಗ ತೆಗೆಯುತ್ತೇವೆ ಎನ್ನುತ್ತಲೇ ಹೊತ್ತು ಕಳೆದರು. ಕೊನೆಗೆ ಪೊಲೀಸರು ವಾಪಸ್ ಹೋಗಿ ಎಂದರು. ಗೂಡಲೂರಿಗೆ ಇಳಿದು, ನಾಡುಗಾಣಿಯಿಂದ ನಿಲಂಬೂರು, ಪಾಲಕ್ಕಾಡು ಸುತ್ತಿಕೊಂಡು ಹೋದೆವು. ಆ ಘಟ್ಟದಲ್ಲೂ ಒಂದು ಸಲಕ್ಕೆ ಒಂದೇ ಕಡೆಯ ಗಾಡಿಗಳನ್ನು ಬಿಡುತ್ತಿದ್ದರು. ಮನ್ನಾರ್ಕಾಡಿನಲ್ಲಿ ಲಾರಿಗಳ ಸಾಲು. ಕೊಯಮತ್ತೂರು ವಿಮಾನ ನಿಲ್ದಾಣದ ಬಾಗಿಲಿಗೆ ಓಡಿಕೊಂಡು ಹೋದರೆ ಕೌಂಟರ್ ಮುಚ್ಚಿದೆ ಎಂದರು.

ವಿಮಾನ ಅಲ್ಲೇ ನಿಂತಿತ್ತು, ವೀಣಾ. ಗಾಜಿನಾಚೆ ಕಾಣುತ್ತಿತ್ತು. ಅಮ್ಮ ಅದನ್ನೂ ಕೌಂಟರಿನ ಹುಡುಗನನ್ನೂ ನೋಡಿ, "ಅಲ್ಲೇ ನಿಂತದಲ್ಲಪ್ಪ, ಹತ್ತುಸ್ಕಳಕ್ಕೆ ಏನು?" ಎಂದು ಕೇಳಿದಳು. ಅವನಿಗೆ ಕನ್ನಡ ಬಾರದು. ನಾನು ತಮಿಳಿನಲ್ಲಿ ಹೇಳಿದೆ, ಆಮೇಲೆ ಕೂಗಾಡಿದೆ, ಸೆಕ್ಯುರಿಟಿಯವರು ಬಂದು ನನ್ನ ತೋಳು ಹಿಡಿದರು. ಅಮ್ಮ ಚೀಲದ ಮೇಲೆ ಕೂತು ಡಬ್ಬಿ ಬಿಚ್ಚಿ ಮೊಸರನ್ನ ತಿಂದಳು. ನನಗೂ ಕೊಟ್ಟಳು. ಏಳು ಸಾವಿರ ಕಿಲೋಮೀಟರಿಗೆ ಎಲ್ಲ ಸಿದ್ಧವಾಗಿತ್ತು. ನಮ್ಮ ಬೆಟ್ಟ ಇಳಿಯಲು ಆಗಲಿಲ್ಲ.

ಮುಂದಿನ ಟಿಕೆಟ್ 22ಕ್ಕೆ. ಎರಡು ದಿನ ಮೊದಲೇ ಹೋಗಿ ಕೊಯಮತ್ತೂರಿನಲ್ಲಿ ಲಾಡ್ಜ್ ಹಿಡಿಯುತ್ತೇನೆ. ನೀನು ಬಯ್ಯುವುದಾದರೆ ಬಯ್ಯಿ, ಆದರೆ ಎರಡನೇ ವಾರ ಬೇಡವೆಂದು ಬರೆದಿದ್ದೆನಲ್ಲ ಎಂಬ ಮಾತು ಮಾತ್ರ ಬರೆಯಬೇಡ.

ಮಹದೇವಸ್ವಾಮಿ


ಪೋರ್ಟ್ ಮೋರ್ಸ್‌ಬಿ
27 ಜುಲೈ 2025

ಮಗ ಮಹದೇವನಿಗೆ ನಿನ್ನ ಅಮ್ಮನ ಆಶೀರ್ವಾದ.

ಇಲ್ಲಿ ಕ್ಷೇಮ. ಹಾಗೆ ಬರೆಯಬೇಕಾದ್ದರಿಂದ ಬರೆದೆ, ಕ್ಷೇಮ ಏನೂ ಇಲ್ಲ. ಇದನ್ನು ಹಾಳೆಯ ಮೇಲೆ ಬರೆದು ಕೊಟ್ಟಿದ್ದೇನೆ, ಮಲರ್‌ಕೊಡಿ ತನ್ನ ಫೋನಿನಲ್ಲಿ ಫೋಟೋ ತೆಗೆದು ನಿನಗೆ ಕಳಿಸುತ್ತಾಳೆ. ನಾನು ಈಗ ಇರುವುದು ಅವಳ ಮನೆಯಲ್ಲಿ. ಹಗಲೆಲ್ಲ ಅವಳು ಆಸ್ಪತ್ರೆಗೆ ಹೋಗಿರುತ್ತಾಳೆ.

ವಿಮಾನದಲ್ಲಿ ಏನೂ ಆಗಲಿಲ್ಲ. ಕಿವಿ ಕಟ್ಟಿಕೊಂಡಿತು, ಬಿಟ್ಟಿತು. ಸಿಂಗಪುರದಲ್ಲಿ ತಮಿಳು ನಡೆಯಿತು. ಗಾಲಿಕುರ್ಚಿ ತಳ್ಳಿದವಳು ಮನ್ನಾರ್‌ಗುಡಿ ಕಡೆಯವಳು, ನನ್ನ ಚೀಲದಿಂದ ಎರಡು ನಿಪ್ಪಟ್ಟು ತಿಂದಳು. ಇಲ್ಲಿ ಇಳಿದ ಮೇಲೆ ತೊಂದರೆ ಸುರುವಾಯಿತು. ಅಳಿಯ ಬಂದಿರಲಿಲ್ಲ. ವೀಣಾಗೆ ದಿನಕ್ಕೆ ಮೊದಲೇ ನೋವು ಬಂತಂತೆ, ಅವನು ಅವಳನ್ನು ಬಿಟ್ಟು ಬರಲಾರ. ಬರಬಾರದು ಕೂಡ.

ವೀಣಾ ಇರುವ ಊರು ಇಲ್ಲಿಗೆ ಒಂದು ಗಂಟೆಯ ಹಾದಿ, ವಿಮಾನದಲ್ಲಿ. ಬಸ್ಸಿನಲ್ಲಿ ಕಳಿಸಿ ಎಂದೆ. ರಸ್ತೆಯೇ ಇಲ್ಲವಂತೆ ಮಗ. ಈ ಊರು ಇವರ ರಾಜಧಾನಿಯಂತೆ, ಇಲ್ಲಿಂದ ಬೆಟ್ಟದ ಕಡೆಗೆ ರಸ್ತೆ ಮಾಡಿಲ್ಲ. ನಡೆದು ಹೋಗಲು ಎಷ್ಟು ದಿನ ಬೇಕು ಎಂದು ಕೇಳಿದೆ. ಮಲರ್‌ಕೊಡಿ ಮೊದಲು ನಕ್ಕಳು, ಆಮೇಲೆ ಅತ್ತುಬಿಟ್ಟಳು.

ದಿನಾ ಬೆಳಗ್ಗೆ ಅವಳು ಕೆಲಸಕ್ಕೆ ಹೋಗುವಾಗ ನನ್ನನ್ನು ವಿಮಾನ ನಿಲ್ದಾಣದಲ್ಲಿ ಬಿಡುತ್ತಾಳೆ. ಬೆಟ್ಟದ ಮೇಲೆ ಮೋಡ ಕೂತಿದೆ ಎನ್ನುತ್ತಾರೆ. ಮೋಡ ಎದ್ದರೆ ವಿಮಾನಕ್ಕೆ ಹಾಕುವ ಎಣ್ಣೆ ಇಲ್ಲ ಎನ್ನುತ್ತಾರೆ. ಮಧ್ಯಾಹ್ನಕ್ಕೆ ಎಲ್ಲರನ್ನೂ ಮನೆಗೆ ಹೋಗಿ ಎನ್ನುತ್ತಾರೆ. ನಿನ್ನೆ ವಿಮಾನದೊಳಗೆ ಕೂರಿಸಿ, ಬೆಲ್ಟ್ ಕಟ್ಟಿ, ಮತ್ತೆ ಇಳಿಸಿದರು. ಇಷ್ಟು ದೂರ ಬಂದು ಹೊಸ್ತಿಲಲ್ಲಿ ಕೂತಿದ್ದೇನೆ, ಒಳಗೆ ಮಗಳು ಕೂಗುತ್ತಿದ್ದಾಳೆ. ನಿನ್ನೆಯಿಂದ ಮಲರ್‌ಕೊಡಿಗೆ ಆ ಕಡೆಯವರ ಫೋನೂ ಸಿಕ್ಕಿಲ್ಲ. ಯಾರ ಮೇಲೆ ಕೋಪ ಮಾಡಲಿ? ಇಲ್ಲಿಯವರ ಮಾತು ನನಗೆ ಗೊತ್ತಿಲ್ಲ, ನನ್ನದು ಅವರಿಗೆ ಗೊತ್ತಿಲ್ಲ. ಕನ್ನಡದಲ್ಲೇ ಬೈದೆ. ಒಬ್ಬ ಕುಡಿಯಲು ನೀರು ತಂದುಕೊಟ್ಟ.

ಈಗ ನಿನಗೆ ಒಂದು ಕೆಲಸ ಇದೆ. ದಿನ ತಪ್ಪಿದ್ದರಿಂದ ನನ್ನ ಟಿಕೆಟ್ ಬದಲಾಯಿಸಬೇಕಂತೆ, ಅದನ್ನು ತೆಗೆದ ಧರ್ಮಲಿಂಗಂನೇ ಮಾಡಬೇಕಂತೆ. ಯಾವ ವಿಮಾನ ಏಳುತ್ತದೆ, ಯಾವುದು ಏಳುವುದಿಲ್ಲ ಎಂಬುದು ಆ ಕಡೆ ಜಯರಾಮನ್‌ಗೆ ಗೊತ್ತು. ಅವನ ನಂಬರನ್ನು ಮಲರ್‌ಕೊಡಿ ಬೇರೆಯಾಗಿ ಕಳಿಸುತ್ತಾಳೆ. ನೀನು ಅವನಿಗೆ ಫೋನ್ ಮಾಡು. ನನ್ನ ಮುಂದೆ ಕೋಪ ತೋರಿಸೋಣವೆಂದರೆ ನಾನು ಅಲ್ಲಿಲ್ಲ, ಆದ್ದರಿಂದ ಮಾಡಿಬಿಡು.

ಕೆಂಚಿಗೆ ಕರು ಬಿಡದೆ ಹಾಲು ಕರೆಯಬೇಡ.

ನಿನ್ನ ಅಮ್ಮ,
ಬಂಗಾರಮ್ಮ


ಮೌಂಟ್ ಹೇಗನ್
4 ಆಗಸ್ಟ್ 2025

ಅಣ್ಣನಿಗೆ,

ಹೆಣ್ಣು ಮಗು. ಅಮ್ಮ ಮೋರ್ಸ್‌ಬಿಯಲ್ಲಿ ಬೆಲ್ಟ್ ಕಟ್ಟಿಕೊಂಡು ಕೂತಿದ್ದ ದಿನವೇ ಆಯಿತು. ಬಿಪಿ ಇಳಿಯಲಿಲ್ಲವೆಂದು ಆಪರೇಷನ್ ಮಾಡಿದರು. ಮಗು ಸಣ್ಣದು, ಒಂದು ವಾರ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಿನ್ನೆಯಿಂದ ನನ್ನ ಪಕ್ಕದಲ್ಲಿದೆ. ಹಾಲು ಕುಡಿಯುತ್ತದೆ, ಆದರೆ ಎರಡು ಗುಟುಕಿಗೆ ನಿದ್ದೆ ಹೋಗುತ್ತದೆ.

ಅಮ್ಮ ಮೂವತ್ತನೇ ತಾರೀಖು ಬಂದಳು. ಜಯರಾಮನ್ ದಿನಾ ಬೆಳಗ್ಗೆ ಇಲ್ಲಿಯ ವಿಮಾನ ನಿಲ್ದಾಣಕ್ಕೆ ಹೋಗಿ, ಬರಿಗೈಯಲ್ಲಿ ಬಂದು, ಸ್ಟೂಲಿನ ಮೇಲೆ ಕೂರುತ್ತಿದ್ದರು. ಆವತ್ತು ಅಮ್ಮ ಅವರ ಭುಜ ಹಿಡಿದುಕೊಂಡು ವಾರ್ಡಿಗೆ ಬಂದಳು. ಕಾಲು ಕಂಬದಂತೆ ಊದಿದ್ದವು. ಸೀರೆ ಮುದುರಿ, ಕೂದಲು ಕೆದರಿ, ಒಂದು ವಾರದಲ್ಲಿ ಮುದುಕಿಯಾಗಿದ್ದಳು.

ಅವಳನ್ನು ಕಂಡರೆ ಸಂತೋಷವಾಗಬೇಕಿತ್ತಲ್ಲವೇ? ನನಗೆ ಎಲ್ಲಿತ್ತೋ ಆ ಕೋಪ. ಆಪರೇಷನ್ ಟೇಬಲಿನ ಮೇಲೆ ನಾನು ಕರೆದದ್ದು ಅವಳನ್ನೇ. ಅವಳು ಒಂದು ಗಂಟೆಯ ದೂರದಲ್ಲಿ ಕೂತಿದ್ದಳು. ನಾನು ಕೂಗಿಬಿಟ್ಟೆ. "ಈಗ ಯಾಕ್ ಬಂದೆ? ಎಲ್ಲಾ ಮುಗೀತಲ್ಲ" ಅಂದೆ. ವಾರ್ಡಿನ ಹೆಂಗಸರೆಲ್ಲ ತಿರುಗಿ ನೋಡಿದರು. ಅಮ್ಮ ಚೀಲ ಕೆಳಗಿಟ್ಟು, ನನ್ನ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ಹೊಲಿಗೆ ನೋಡಿದಳು.

"ಮುಗೀತು ಅಂತ ಯಾರ್ ಹೇಳುದ್ರು ನಿಂಗೆ?" ಎಂದಳು. "ಇನ್ ಮೇಲೇ ಸುರುವಾಗದು." ಆಮೇಲೆ ಇಲ್ಲಿ ಬಿಸಿನೀರು ಎಲ್ಲಿ ಸಿಗುತ್ತದೆ ಎಂದು ಜಯರಾಮನ್‌ರನ್ನು ಕೇಳಿ, ಊದಿದ ಕಾಲಿನಲ್ಲೇ ಹೋದಳು.

ಡಾಕ್ಟರು ಹೇಳಿದ್ದನ್ನು ಜಯರಾಮನ್ ತಮಿಳಿನಲ್ಲಿ ಹೇಳುವಾಗ ಮೊದಲಿನ ಮಗುವಿನ ವಿಷಯ ಅವಳಿಗೆ ತಿಳಿಯಿತು. ಹೊರಗೆ ಜಗಲಿಯಲ್ಲಿ ಬಹಳ ಹೊತ್ತು ನಿಂತಿದ್ದು, ಬಂದು, "ಒಬ್ಳೇ ಇದ್ಯಾ ಆವಾಗ?" ಎಂದಳು. ಹೌದು ಎಂದೆ. ಆ ವಾರ ನಿನಗೆ ಫೋನ್ ಮಾಡಿದ್ದೆ ಎಂದು ಹೇಳಲಿಲ್ಲ.

ನೀನು ಜಯರಾಮನ್‌ರಿಗೆ ಫೋನ್ ಮಾಡಿದ್ದೆಯಂತೆ. ದಿನಕ್ಕೆ ಎರಡು ಮೂರು ಸಲ. ಏನು ಮಾತಾಡಿದಿರಿ ಎಂದು ಕೇಳಿದೆ. "ನಿಮ್ಮಣ್ಣ ಮೋಡದ ವಿಷಯ ಬಹಳ ಕೇಳುತ್ತಾರೆ" ಎಂದರು. ಅಷ್ಟೇ ಹೇಳಿದರು.

ನಿನ್ನ ತಂಗಿ,
ವೀಣಾ


ತೊರಪಳ್ಳಿ
7 ಸೆಪ್ಟೆಂಬರ್ 2025

ವೀಣಾಳಿಗೆ,

ಪತ್ರ ಓದಿದೆ. ನೀನು ಅಮ್ಮನಿಗೆ ಹೇಳದೆ ಬಿಟ್ಟ ವಿಷಯವನ್ನೂ ಓದಿದೆ.

ಇಲ್ಲಿ ಹಸುಗಳು ನನ್ನ ಪ್ರಾಣ ತೆಗೆಯುತ್ತಿವೆ. ಕೆಂಚಿ ನನಗೂ ಹಾಲು ಕೊಡುವುದಿಲ್ಲ, ನಿನ್ನ ಅತ್ತಿಗೆಗೂ ಕೊಡುವುದಿಲ್ಲ. ಕೊನೆಗೆ ಶುಂಠಿ ತೋಟದ ಕೆಲಸಕ್ಕೆ ಬರುವ ಕಾಳ ಅಮ್ಮನ ಹಳೆಯ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಕೂತರೆ ಸ್ವಲ್ಪ ಬಿಡುತ್ತದೆ. ಮೊನ್ನೆ ಒಂದು ಆನೆ ಬಂದು ಹಿತ್ತಿಲ ಬಾಳೆ ಮುರಿಯಿತು. ಅದು ಬಾಳೆಗೆ ಸೊಂಡಿಲು ಹಾಕುವಾಗ ಅಮ್ಮ ಇದ್ದಿದ್ದರೆ ತಟ್ಟೆ ಬಡಿದು ಓಡಿಸುತ್ತಿದ್ದಳು. ನಾನು ಬಡಿದರೆ ಅದು ತಿರುಗಿಯೂ ನೋಡಲಿಲ್ಲ.

ಅಮ್ಮನ ವೀಸಾ ಮುಗಿಯುತ್ತಾ ಬಂತು. ನಿನ್ನೆ ಫೋನಿನಲ್ಲಿ ಯಾವಾಗ ಟಿಕೆಟ್ ತೆಗೆಸಲಿ ಎಂದು ಕೇಳಿದರೆ, ಮಗುವಿನ ಕತ್ತು ಇನ್ನೂ ನಿಂತಿಲ್ಲ ಎನ್ನುತ್ತಾಳೆ. ವೀಸಾದವರಿಗೆ ಕತ್ತಿನ ವಿಷಯ ಹೇಗೆ ಹೇಳುವುದು? ನಿನ್ನ ಮನೆಯವರು ಇನ್ನೆರಡು ತಿಂಗಳು ಬರೆಸಿಕೊಡುತ್ತೇನೆ ಎಂದರು. ಅದಾದ ಮೇಲೂ ಅವಳು ಒಬ್ಬಳೇ ವಾಪಸ್ ಬರುವುದಿಲ್ಲವಂತೆ. ಆ ಮೋರ್ಸ್‌ಬಿಯಲ್ಲಿ ಮತ್ತೊಂದು ಸಲ ಒಬ್ಬಳೇ ಕೂತು ಕಾಯಲು ನನ್ನ ಕೈಯಲ್ಲಿ ಆಗದು, ನೀನೇ ಬಂದು ಕರೆದುಕೊಂಡು ಹೋಗು ಎಂದಳು. ಕೇಳಿದ್ದಲ್ಲ, ಹೇಳಿದ್ದು. ಅಂಗಡಿ ಯಾರು ನೋಡುತ್ತಾರೆ ಎಂದರೆ ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದಳು. ಅದು ಅಳುತ್ತಿತ್ತು. ಬಹಳ ಜೋರಾಗಿ ಅಳುತ್ತದಲ್ಲ, ಸಣ್ಣದು ಎಂದಿದ್ದೆ ನೀನು.

ನನ್ನ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟು ಬಂದಿದ್ದೇನೆ. ವಿಚಾರಣೆಗೆ ಬರಬೇಕಾದ ಪೊಲೀಸಿನವರು ಇನ್ನೂ ಬಂದಿಲ್ಲ. ಎರಡು ಸಲ ನಾನೇ ಸ್ಟೇಷನ್ನಿಗೆ ಹೋದೆ. ಬರುತ್ತೇವೆ ಎನ್ನುತ್ತಾರೆ. ಧರ್ಮಲಿಂಗಂ ನವೆಂಬರಿನಲ್ಲಿ ಸೀಟು ಸಿಗಬಹುದು ಎಂದ. ಸಿಗಬಹುದು ಎಂದರೆ ಅವನ ಭಾಷೆಯಲ್ಲಿ ಏನರ್ಥ ಎಂದು ಇಷ್ಟು ದಿನದಲ್ಲಿ ನನಗೆ ತಿಳಿದಿದೆ. ಮೊನ್ನೆಯ ಮಳೆಗೆ ನಡುವಟ್ಟಂ ರಸ್ತೆಯಲ್ಲಿ ಮತ್ತೆ ಒಂದು ಕಡೆ ಬಿರುಕು ಬಿಟ್ಟಿದೆ. ಆಗಲೂ ಪಾಲಕ್ಕಾಡು ಸುತ್ತಿಯೇ ಹೋಗಬೇಕಾದೀತು.

ಇನ್ನೊಂದು ಮಾತು. ಮಗುವಿನ ಕಿವಿ ಚುಚ್ಚಲು ಆಸ್ಪತ್ರೆಯ ಮೆಷಿನ್ನಿನವರನ್ನು ಗೊತ್ತು ಮಾಡಿದ್ದೀರೆಂದು ಅಮ್ಮ ಹೇಳಿದಳು. ಅವರಿಗೆ ಬೇಡ ಎಂದು ಹೇಳು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸಬೇಕಾದ ಕಿವಿ ಅದು. ನಾನು ಬರುವವರೆಗೆ ಯಾರೂ ಮುಟ್ಟಕೂಡದು.

ನಿನ್ನ ಅಣ್ಣ,
ಮಹದೇವ